ಬ್ರೇಕ್ ಲೈನರ್‌ನ ತವರೂರು

ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಿಂದ ಬಕ್ಸ್‌ಟನ್‌ಗೆ ಹೋಗುವ ರೈಲು ಡರ್ಬಿಶೈರ್‌ನ ಗುಡ್ಡಗಳನ್ನು ಏರುವಾಗ ಸಿಗುವ ಪುಟ್ಟ ಊರು ಚಾಪೆಲ್-ಎನ್-ಲಿ-ಫ್ರಿತ್. ಕಾಡಿನೊಳಗಿನ ಪ್ರಾರ್ಥನಾ ಮಂದಿರ ಎಂಬುದು ಈ ಹೆಸರಿನ ಅರ್ಥ. 13ನೆಯ ಶತಮಾನದಲ್ಲಿ ಅರಣ್ಯ ಕಾಯುವವರು ಇಲ್ಲಿ ಇಗರ್ಜಿ ಕಟ್ಟಿಕೊಂಡಿದ್ದರು. ಈಗ ಕಾಣುವುದು ಕಲ್ಲಿನ ಮನೆಗಳು, ಕುರಿ ಮೇಯುವ ಹಸಿರು ಇಳಿಜಾರುಗಳು. ಪ್ರವಾಸಿಗರಲ್ಲಿ ಹೆಚ್ಚಿನವರು ಇಲ್ಲಿ ಇಳಿಯದೆ ಬಕ್ಸ್‌ಟನ್‌ಗೆ ಸಾಗುತ್ತಾರೆ. ಆದರೆ ವಾಹನ ಓಡಿಸುವ ಪ್ರತಿಯೊಬ್ಬರೂ ಈ ಊರಿಗೆ ಋಣಿಗಳು.

ಇಳಿಜಾರಿನ ಊರಿನಲ್ಲಿ ಗಾಡಿಯನ್ನು ಎಳೆಯುವುದು ಮಾತ್ರವಲ್ಲ, ತಡೆಯುವುದೂ ಕಷ್ಟದ ಕೆಲಸ. 1796ರಲ್ಲಿ ಇಲ್ಲಿ ಸುಣ್ಣಕಲ್ಲು ಸಾಗಿಸಲು ಪೀಕ್ ಫಾರೆಸ್ಟ್ ಟ್ರಾಮ್‌ವೇ ಆರಂಭವಾಯಿತು. ಊರಿನ ಬಳಿಯ ಕಡಿದಾದ ಇಳುಕಲಿನಲ್ಲಿ ಕೆಳಗಿಳಿಯುವ ಭರ್ತಿ ಗಾಡಿಗಳ ತೂಕವೇ ಖಾಲಿ ಗಾಡಿಗಳನ್ನು ಮೇಲಕ್ಕೆ ಎಳೆಯುತ್ತಿತ್ತು. ಕುದುರೆ ಗಾಡಿಯವರದು ಬೇರೆ ಉಪಾಯ: ಮರದ ಬ್ರೇಕ್ ಕಟ್ಟೆಗೆ ಹಳೆಯ ಬೂಟಿನ ಚರ್ಮ ಸಿಕ್ಕಿಸಿ ಚಕ್ರಕ್ಕೆ ಒತ್ತುವುದು. ಇದನ್ನು ಗಮನಿಸಿದ ಹರ್ಬರ್ಟ್ ಫ್ರೂಡ್ 1897ರಲ್ಲಿ ಸಮೀಪದ ಕೂಮ್ಸ್ ಹಳ್ಳಿಯಲ್ಲಿ ಪ್ರಯೋಗಕ್ಕಿಳಿದ. ನೇಯ್ದ ಬಟ್ಟೆಗೆ ಅಂಟು ಉಣಿಸಿ, ನೀರಿನ ಚಕ್ರದ ಬಲದಿಂದ ಅದರ ಹಿಡಿತವನ್ನು ಪರೀಕ್ಷಿಸಿದ. ತನ್ನ ಹೆಸರಿನ ಅಕ್ಷರಗಳಿಗೆ ಹೆಂಡತಿ ಎಲಿಜಬೆತ್‌ಳ ಮೊದಲಕ್ಷರ ಸೇರಿಸಿ 'ಫೆರೋಡೊ' ಎಂಬ ಹೆಸರು ಕಟ್ಟಿದ. ಕಾರ್ಖಾನೆ ಚಾಪೆಲ್‌ಗೆ ಬಂತು. ಊರಿನ ಜೀವನಾಧಾರವೇ ಆಯಿತು.

ವಿಧಿಯ ವಿಚಿತ್ರ ನೋಡಿ: ಇದೇ ಊರಿನಲ್ಲಿ 1957ರ ಫೆಬ್ರುವರಿ 9ರಂದು ಬ್ರೇಕ್ ಕೈಕೊಟ್ಟ ಗೂಡ್ಸ್ ರೈಲೊಂದು ಇಳಿಜಾರಿನಲ್ಲಿ ಧಾವಿಸಿತು. ಉಗಿ ಕೊಳವೆ ಒಡೆದು ಸುಡುವ ಆವಿ ನುಗ್ಗಿದರೂ ಚಾಲಕ ಜಾನ್ ಆಕ್ಸನ್ ಎಂಜಿನ್ ಬಿಡಲಿಲ್ಲ. ಸಹಾಯಕನನ್ನು ಕೆಳಗಿಳಿಸಿ ವ್ಯಾಗನ್‌ಗಳ ಕೈಬ್ರೇಕ್ ಹಾಕುವಂತೆ ಹೇಳಿದ. ವೇಗ ಆಗಲೇ ಹಿಡಿತ ಮೀರಿತ್ತು. ಮುಂದಿದ್ದ ಗೂಡ್ಸ್ ರೈಲಿಗೆ ಡಿಕ್ಕಿಯಾಗಿ ಆಕ್ಸನ್ ಮತ್ತು ಆ ರೈಲಿನ ಗಾರ್ಡ್ ಸತ್ತರು. ಆಕ್ಸನ್‌ಗೆ ಮರಣೋತ್ತರ ಜಾರ್ಜ್ ಕ್ರಾಸ್ ಪದಕ ಸಂದಿತು.

ಫ್ರೂಡ್‌ನ ಪಟ್ಟಿಯ ಉಪಯೋಗವನ್ನು ಸುಲಭವಾಗಿ ಕಾಣಬೇಕಾದರೆ ಹಳೆಯ ಡಾಡ್ಜ್, ಪ್ಲಿಮತ್ ಕಾರುಗಳ ಅಡಿಗೆ ಬಗ್ಗಿ ನೋಡಬೇಕು. ಮುಂಬೈಯ ಪ್ರೀಮಿಯರ್ ಕಾರ್ಖಾನೆಯಲ್ಲೂ ಜೋಡಣೆಯಾಗುತ್ತಿದ್ದ ಕಾರುಗಳಿವು. ಗೇರ್‌ಬಾಕ್ಸ್ ಹಿಂದಿನ ಡ್ರಮ್ಮನ್ನು ಸುತ್ತುವರಿದ ಉಕ್ಕಿನ ಪಟ್ಟಿಯೇ ಅವುಗಳ ಹ್ಯಾಂಡ್ ಬ್ರೇಕ್. ಅದರ ಒಳಮೈಗೆ ಲೈನರ್ ಹೊದಿಸಿರುತ್ತಾರೆ. ಪಟ್ಟಿ ಬಿಗಿದರೆ ಡ್ರಮ್ ನಿಲ್ಲುತ್ತದೆ, ಕಾರೂ ನಿಲ್ಲುತ್ತದೆ. ಒಂದು ಹಿಂಚಕ್ರವನ್ನು ಜಾಕ್ ಕೊಟ್ಟು ಎತ್ತಿದರೆ ಮಾತ್ರ ಡಿಫರೆನ್ಷಿಯಲ್‌ನಿಂದಾಗಿ ಈ ಹಿಡಿತ ಸೋಲುತ್ತದೆ, ಕಾರು ಉರುಳಬಹುದು. ಆದ್ದರಿಂದ ನೆಲದ ಮೇಲಿರುವ ಚಕ್ರಗಳಿಗೆ ಮೊದಲೇ ಅಡ್ಡ ಕೊಡಬೇಕು.

ಈ ಪಟ್ಟಿ ಸವೆಯುವುದಕ್ಕಿಂತ ಗೇರ್‌ಬಾಕ್ಸ್‌ನಿಂದ ಸೋರಿದ ಎಣ್ಣೆ ಕುಡಿದು ಕೆಡುವುದೇ ಹೆಚ್ಚು. ಆಯಿಲ್ ಸೀಲ್ ಬದಲಿಸದೆ ಲೈನರ್ ಹಾಕಿದರೆ ಹಣ ದಂಡ. ಹೊಸ ಲೈನರ್‌ನ ಎರಡು ತುದಿಗಳಿಗೆ ಮೊದಲು ರಿವೆಟ್ ಹೊಡೆದು, ನಡುವೆ ಉಬ್ಬಿದ ಭಾಗವನ್ನು ಆಮೇಲೆ ಒಳಕ್ಕೆ ಒತ್ತಿದರೆ ಅದು ಪಟ್ಟಿಗೆ ಬಿಗಿಯಾಗಿ ಕೂರುತ್ತದೆ. ರಿವೆಟ್ ತಲೆಗಳು ಲೈನರ್‌ನ ಮೈಯಿಂದ ತಗ್ಗಿರಬೇಕು. ಇಲ್ಲವಾದರೆ ಡ್ರಮ್ಮಿಗೆ ಗೀರು ಬೀಳುತ್ತದೆ.

ಎಲ್ಲಕ್ಕಿಂತ ಮುಖ್ಯ, ಹಳೆಯ ಲೈನರ್ ಕಿತ್ತು ತೆಗೆಯುವ ಘಳಿಗೆ. ಫ್ರೂಡ್‌ನ ಬಟ್ಟೆಯ ಜಾಗಕ್ಕೆ ಮುಂದೆ ಬಂದದ್ದು ಶಾಖ ತಾಳುವ ಕಲ್ನಾರು. ಅದರ ಸೂಕ್ಷ್ಮ ಎಳೆಗಳು ಶ್ವಾಸಕೋಶ ಹೊಕ್ಕರೆ ದಶಕಗಳ ನಂತರವೂ ಕ್ಯಾನ್ಸರ್ ತರಬಲ್ಲವು. ಬ್ರಿಟನ್ 1999ರಲ್ಲಿ ಉಳಿದಿದ್ದ ಬಿಳಿ ಕಲ್ನಾರನ್ನೂ ನಿಷೇಧಿಸಿತು. ಹಳೆಯ ಕಾರಿನ ಪಟ್ಟಿಯಲ್ಲಿ ಅದು ಇನ್ನೂ ಕುಳಿತಿರಬಹುದು. ಗಾಳಿ ಊದಿ ದೂಳು ಹಾರಿಸುವ, ಉಪ್ಪುಕಾಗದದಿಂದ ಉಜ್ಜುವ ರೂಢಿ ಇಲ್ಲಿ ಸಲ್ಲದು. ನೀರಿನಿಂದ ನೆನೆಸಿ, ತಕ್ಕ ಮುಖವಾಡ ಧರಿಸಿ ಬಿಚ್ಚಬೇಕು. ತೆಗೆದದ್ದನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಕು. ಕಲ್ನಾರಿಲ್ಲದ ಲೈನರ್ ಈಗ ಸಿಗುತ್ತದೆ.

ಹ್ಯಾಂಡ್ ಬ್ರೇಕ್ ಇರುವುದು ಜೀವ ಉಳಿಸಲಿಕ್ಕೆ. ಅದನ್ನು ರಿಪೇರಿ ಮಾಡುವ ಹುಡುಗನ ಜೀವವೂ ಆ ಲೆಕ್ಕದಲ್ಲಿ ಸೇರಬೇಕು.