ಎರಡು ಕಂಪನಿ, ಒಂದೇ ಮನೆ

ನಮ್ಮ ವಯಸ್ಸಿನವರ ಮನೆಗಳಲ್ಲಿ ಒಂದು ಡಬ್ಬ ಇದ್ದೇ ಇರುತ್ತೆ. ಯಾವ ಫೋನಿನದು ಅಂತ ಯಾರಿಗೂ ನೆನಪಿಲ್ಲದ ಚಾರ್ಜರ್‌ಗಳು, ಒಂದೇ ಕಿವಿಗೆ ಕೇಳಿಸೋ ಇಯರ್‌ಫೋನು, ಜೊತೆಗೆ ಕನಿಷ್ಠ ಒಂದು ಹಳೇ ರೂಟರ್. ಬ್ರಾಡ್‌ಬ್ಯಾಂಡ್ ಕಂಪನಿ ಬದಲಾಯಿಸಿದಾಗ ಅವರೇ ಹೊಸ ರೂಟರ್ ಕೊಟ್ಟಿರ್ತಾರೆ, ಹಳೇದು ಸಜ್ಜಾ ಮೇಲೆ ಸೇರಿರುತ್ತೆ. ಕೆಟ್ಟಿಲ್ಲ, ಹಾಗಾಗಿ ಎಸೆಯಲ್ಲ. ಕೆಲಸವಿಲ್ಲ, ಹಾಗಾಗಿ ಇಳಿಸಲ್ಲ.

ಆ ಹಳೇ ರೂಟರಿನ ಬೆಲೆ ನನಗೆ ಗೊತ್ತಾಗಿದ್ದು ಅಪ್ಪನ ಮಂಡಿ ಆಪರೇಷನ್ ಆದಾಗ. ಆರು ವಾರ ಯಾರಾದ್ರೂ ಜೊತೆಗೆ ಇರಲೇಬೇಕು ಅಂದ್ರು ಡಾಕ್ಟರು. ಅಮ್ಮ ಒಬ್ಬಳ ಕೈಲಿ ಅಪ್ಪನನ್ನ ಎಬ್ಬಿಸಿ ನಿಲ್ಲಿಸೋದು ಆಗದ ಮಾತು. ನನಗೆ ಉಳಿದಿದ್ದ ರಜ ಒಂಬತ್ತು ದಿನ. ಮ್ಯಾನೇಜರ್ ಒಳ್ಳೆಯವರೇ. "ಮೈಸೂರಿಂದಲೇ ಕೆಲಸ ಮಾಡಿ, ಪರವಾಗಿಲ್ಲ. ಆದ್ರೆ ಕ್ಲೈಂಟ್ ಕಾಲ್ ಮಧ್ಯದಲ್ಲಿ ಕಟ್ ಆಗ್ಬಾರ್ದು ನೋಡಿ" ಅಂದ್ರು. ಅಂದ್ರೆ, ಆರು ವಾರ ನಾನು ಅಪ್ಪನ ಜೊತೆ ಇರ್ತೀನೋ ಇಲ್ವೋ ಅನ್ನೋದು ಮಹಡಿ ಮೇಲಿನ ಕೋಣೆಗೆ ವೈಫೈ ಬರುತ್ತೋ ಇಲ್ವೋ ಅನ್ನೋದರ ಮೇಲೆ ನಿಂತಿತ್ತು.

ಬರ್ತಿರಲಿಲ್ಲ. 1994ರಲ್ಲಿ ಕಟ್ಟಿದ ಮನೆ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ, ಕಬ್ಬಿಣದ ಕಂಬಿ ಹೆಣೆದು ಹಾಕಿದ ಆರ್‌ಸಿಸಿ ಚಾವಣಿ. ಫೈಬರ್ ಬರೋದು ಮುಂದಿನ ಹಾಲ್‌ಗೆ, ಕೋಣೆ ಇರೋದು ಮೇಲೆ, ಹಿಂಭಾಗದಲ್ಲಿ. ಮಧ್ಯೆ ಅಡುಗೆಮನೆ, ಕಬ್ಬಿಣದ ಬೀರು, ಮೆಟ್ಟಿಲು. 5 ಗಿಗಾಹರ್ಟ್ಸ್ ಸಿಗ್ನಲ್ ವೇಗದ್ದೇ ಆದ್ರೂ ಗೋಡೆ ದಾಟೋಕೆ ಸೋಮಾರಿ, ಮೆಟ್ಟಿಲ ಬುಡದಲ್ಲೇ ಸುಸ್ತಾಗ್ತಿತ್ತು. 2.4 ಗಿಗಾಹರ್ಟ್ಸ್ ಹೇಗೋ ತೆವಳಿಕೊಂಡು ಮೇಲೆ ಬಂದು ಒಂದು ಕಡ್ಡಿ ತೋರಿಸ್ತಿತ್ತು. ಕೆಳಗೇ ಕೂತು ಕೆಲಸ ಮಾಡೋಣ ಅಂದ್ರೆ ಅಪ್ಪನನ್ನ ನೋಡೋಕೆ ಬರೋರು, ಫಿಸಿಯೋಥೆರಪಿಯವರು, ಕುಕ್ಕರ್ ಸೀಟಿ, ಟೀವಿ. ಕ್ಲೈಂಟ್‌ಗೆ ನಮ್ಮ ಚಿಕ್ಕಮ್ಮನ ಸಕ್ಕರೆ ಕಾಯಿಲೆಯ ವಿವರ ಗೊತ್ತಾಗೋ ಅಗತ್ಯ ಇರಲಿಲ್ಲ.

ಸಲಹೆ ಕೊಡೋರಿಗೆ ಬರ ಇಲ್ಲ. ಆಫೀಸಿನ ಗೆಳೆಯ ಮೆಶ್ ಸೆಟ್ ತಗೋ ಅಂದ. ಮೂರು ಡಬ್ಬಿ, ಮೂರೂ ಒಂದೇ ಕಂಪನಿಯವು. ಚೆನ್ನಾಗಿ ಕೆಲಸ ಮಾಡುತ್ತೆ ನಿಜ, ಆದ್ರೆ ಮನೆಯಲ್ಲಿರೋ ಬೇರೆ ಕಂಪನಿ ರೂಟರ್ ಅದರ ಗುಂಪಿಗೆ ಸೇರೋಲ್ಲ. ಮೆಶ್‌ಗೆ 802.11ಎಸ್ ಅನ್ನೋ ಸ್ಟ್ಯಾಂಡರ್ಡ್ 2011ರಲ್ಲೇ ಬಂತು. ಬೇರೆ ಬೇರೆ ಕಂಪನಿಯವು ಕೈ ಜೋಡಿಸಲಿ ಅಂತಲೇ ವೈಫೈ ಅಲಯನ್ಸ್ 2018ರಲ್ಲಿ ಈಸಿಮೆಶ್ ತಂತು. ಆದ್ರೂ ಅಂಗಡಿಯಲ್ಲಿ ಸಿಗೋ ಬಹಳಷ್ಟು ಸೆಟ್‌ಗಳು ತಮ್ಮ ಮನೆಮಾತನ್ನಷ್ಟೇ ಆಡ್ತವೆ.

ಕಸ್ಟಮರ್ ಕೇರ್ ಹುಡುಗಿ ಹಳೇ ರೂಟರನ್ನ ರಿಪೀಟರ್ ಮಾಡಿ ಮೇಡಂ ಅಂದಳು. ರಿಪೀಟರ್ ಅಂದ್ರೆ ಕೆಳಗಿನ ಸಿಗ್ನಲ್ಲನ್ನ ಗಾಳಿಯಲ್ಲೇ ಹಿಡಿದು ಮತ್ತೆ ಗಾಳಿಗೇ ಬಿಡೋದು. ಒಂದೇ ರೇಡಿಯೋ ಕೇಳಿಸಿಕೊಳ್ಳಲೂ ಬೇಕು, ಹೇಳಲೂ ಬೇಕು, ಎರಡೂ ಒಟ್ಟಿಗೆ ಆಗಲ್ಲ. ಹಾಗಾಗಿ ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತೆ. ಇದಕ್ಕೆ ಹಳೇ ರೂಟರ್‌ಗಳು ಬಳಸೋ ಡಬ್ಲ್ಯೂಡಿಎಸ್ ಅನ್ನೋ ವಿಧಾನಕ್ಕೆ ಕಂಪನಿಗಳ ನಡುವೆ ಸರಿಯಾದ ಒಪ್ಪಂದವೇ ಇಲ್ಲ. ಈ ಕಂಪನಿಯದು ಆ ಕಂಪನಿಯದರ ಜೊತೆ ಮಾತಾಡಿದ್ರೆ ಪುಣ್ಯ.

ಆದ್ರೆ ಎಲ್ಲ ಕಂಪನಿಗಳೂ ತಕರಾರಿಲ್ಲದೆ ಒಪ್ಪಿಕೊಂಡಿರೋದು ಒಂದಿದೆ: ಎಥರ್ನೆಟ್ ಕೇಬಲ್. ತಂತಿಯ ಎರಡೂ ತುದಿಯಲ್ಲಿ ಯಾವ ಬ್ರ್ಯಾಂಡ್ ಇದೆ ಅಂತ ತಂತಿ ಕೇಳಲ್ಲ. ಒಂದು ಎಳೆ 100 ಮೀಟರ್‌ವರೆಗೂ ಹೋಗಬಹುದು, ನಮಗೆ ಬೇಕಿದ್ದಿದ್ದು 18. ಎಲೆಕ್ಟ್ರಿಷಿಯನ್ ಬಂದು, "ಅಕ್ಕಾ, ಗೋಡೆ ಒಡೆಯೋದೇನೂ ಬೇಡ, ಟೀವಿ ಕೇಬಲ್‌ಗೆ ಹಾಕಿದ್ದ ಹಳೇ ಪೈಪೇ ಇದೆಯಲ್ಲ" ಅಂತ ಅರ್ಧ ಗಂಟೆಯಲ್ಲಿ ಕ್ಯಾಟ್-6 ತಂತಿ ಎಳೆದು, ಎರಡೂ ತುದಿಗೆ ಪಿನ್ ಕ್ರಿಂಪ್ ಮಾಡಿ, ಕಾಫಿ ಕುಡಿದು ಹೋದ.

ಉಳಿದಿದ್ದು ಸೆಟ್ಟಿಂಗ್ಸ್. ಮಂಚದ ಪಕ್ಕ ಕೂತು ಲ್ಯಾಪ್‌ಟಾಪ್ ತೆಗೆದಾಗ ಅಪ್ಪ, "ಏನ್ ಪುಟ್ಟಿ ಅದು, ಬರೀ ನಂಬರು?" ಅಂದ್ರು.

ಅಪ್ಪ ರೈಲ್ವೆ ಮೇಲ್ ಸರ್ವಿಸ್‌ನಲ್ಲಿ 33 ವರ್ಷ ಕಾಗದ ವಿಂಗಡಿಸಿದವರು. ಅವರಿಗೆ ಇದನ್ನ ವಿವರಿಸೋದು ಸುಲಭ ಆಯ್ತು. ಮನೆಯಲ್ಲಿರೋ ಪ್ರತಿ ಫೋನಿಗೂ, ಲ್ಯಾಪ್‌ಟಾಪಿಗೂ ರೂಟರ್ ಒಂದೊಂದು ವಿಳಾಸ ಕೊಡುತ್ತೆ. ಕೊಡೋ ಗುಮಾಸ್ತನ ಹೆಸರು ಡಿಎಚ್‌ಸಿಪಿ. 192.168ರಿಂದ ಶುರುವಾಗೋ ಈ ನಂಬರ್‌ಗಳು ಹೊರಗಿನ ಇಂಟರ್ನೆಟ್‌ನಲ್ಲಿ ಚಲಾವಣೆಯಲ್ಲಿಲ್ಲ, ಮನೆ-ಆಫೀಸುಗಳ ಒಳಬಳಕೆಗೆ ಅಂತ ಎತ್ತಿಟ್ಟಿರೋವು. ಬೆಂಗಳೂರಿನ ಬಡಾವಣೆ ಬಡಾವಣೆಗೂ ಒಂದು 1ನೇ ಮೇನ್ ಇರೋ ಹಾಗೆ ಲಕ್ಷಾಂತರ ಮನೆಗಳಲ್ಲಿ 192.168.1.1 ಇದೆ. ತೊಂದರೆ ಏನಂದ್ರೆ ನಮ್ಮ ಎರಡು ರೂಟರ್‌ಗಳೂ ಹುಟ್ಟುತ್ತಲೇ ಅದೇ ವಿಳಾಸ ಹೊತ್ತು ಬಂದಿದ್ದವು. ಎರಡರಲ್ಲೂ ಒಬ್ಬೊಬ್ಬ ಗುಮಾಸ್ತ ಬೇರೆ.

ಅಪ್ಪ ತಕ್ಷಣ, "ಒಂದೂರಲ್ಲಿ ಇಬ್ಬರು ಡೋರ್ ನಂಬರ್ ಹಂಚಿದ್ರೆ ಒಂದೇ ನಂಬರ್ ಎರಡು ಮನೆಗೆ ಬೀಳುತ್ತೆ. ಕಾಗದ ಯಾರಿಗೆ ಕೊಡೋದು? ಒಬ್ಬನ್ನ ಸುಮ್ನಿರಿಸು" ಅಂದ್ರು.

ಇಡೀ ತಂತ್ರಜ್ಞಾನ ಇಷ್ಟೇ. ಹಳೇ ರೂಟರನ್ನ ಮೊದಲು ಲ್ಯಾಪ್‌ಟಾಪಿಗೆ ಮಾತ್ರ ಸಿಕ್ಕಿಸಿ, ಅದರ ವಿಳಾಸವನ್ನ 192.168.1.2 ಮಾಡಿದೆ. ಈ ನಂಬರ್ ಹೊಸ ರೂಟರ್ ಹಂಚೋ ಸಾಲಿನಿಂದ ಹೊರಗಿರಬೇಕು, ನಮ್ಮದು 100ರಿಂದ ಹಂಚುತ್ತೆ. ಆಮೇಲೆ ಹಳೇದರ ಡಿಎಚ್‌ಸಿಪಿ ಆಫ್ ಮಾಡಿದೆ. ಕೆಳಗಿನ ರೂಟರಿನ ಲ್ಯಾನ್ ಪೋರ್ಟ್‌ನಿಂದ ಬಂದ ತಂತಿಯನ್ನ ಮೇಲಿನದರ ಲ್ಯಾನ್ ಪೋರ್ಟ್‌ಗೇ ಹಾಕಿದೆ. ಬೇರೆ ಬಣ್ಣದಲ್ಲಿ ಎದ್ದು ಕಾಣೋ ವ್ಯಾನ್ ಪೋರ್ಟ್‌ಗೆ ಹಾಕಿದ್ರೆ ಅದು ಮನೆಯೊಳಗೇ ಇನ್ನೊಂದು ಮನೆ ಹೂಡುತ್ತೆ, ಮೇಲಿನ ಲ್ಯಾಪ್‌ಟಾಪಿಗೂ ಕೆಳಗಿನ ಪ್ರಿಂಟರಿಗೂ ಮಾತುಕತೆ ನಿಂತುಹೋಗಬಹುದು. ಈಗ ಹಳೇದು ರೂಟರ್ ಅಲ್ಲ, ಬರೀ ಆಕ್ಸೆಸ್ ಪಾಯಿಂಟ್. ಕೆಲವು ರೂಟರ್‌ಗಳಲ್ಲಿ ಇದೇ ಹೆಸರಿನ ಮೋಡ್ ಇರುತ್ತೆ, ಒಂದು ಒತ್ತಿದ್ರೆ ಇಷ್ಟೂ ಕೆಲಸ ಮುಗಿಯುತ್ತೆ.

ಕೊನೆಗೆ ವೈಫೈ ಹೆಸರು, ಪಾಸ್‌ವರ್ಡ್, ಡಬ್ಲ್ಯೂಪಿಎ-2 ಭದ್ರತೆ, ಮೂರೂ ಎರಡರಲ್ಲೂ ಅಕ್ಷರಶಃ ಒಂದೇ. ಚಾನೆಲ್ ಮಾತ್ರ ಬೇರೆ: 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದಿರೋವು 1, 6, 11. ಕೆಳಗೆ 1, ಮೇಲೆ 11 ಇಟ್ಟೆ. ಹಳೇದಕ್ಕೆ ಸಿಕ್ಕಷ್ಟು ಹೊಸ ಫರ್ಮ್‌ವೇರ್ ಹಾಕಿ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿದೆ. ಡಬ್ಲ್ಯೂಪಿಎ-2 ಕೂಡ ಬರದಷ್ಟು ಮುದಿ ರೂಟರ್ ನಿಮ್ಮ ಹತ್ರ ಇದ್ರೆ ಅದನ್ನ ಇ-ತ್ಯಾಜ್ಯಕ್ಕೆ ಕಳಿಸೋದೇ ಸರಿ. ನಮ್ಮದರ ಪೋರ್ಟ್ 100 ಎಂಬಿಪಿಎಸ್‌ಗಿಂತ ಹೆಚ್ಚು ಸಾಗಿಸಲ್ಲ. ಸಾಗಿಸೋದೇನೂ ಬೇಕಿರಲಿಲ್ಲ, ವಿಡಿಯೋ ಕಾಲ್‌ಗೆ ನಾಲ್ಕೈದು ಧಾರಾಳ.

ಮಾರನೇ ದಿನ ಒಂದೂವರೆ ಗಂಟೆ ಕ್ಲೈಂಟ್ ಕಾಲ್. ಒಂದ್ಸಲವೂ ಕಟ್ ಆಗಲಿಲ್ಲ. ಆಮೇಲಿನ ಆರು ವಾರ ಬೆಳಿಗ್ಗೆ ಹತ್ತಕ್ಕೆ ಸ್ಟ್ಯಾಂಡ್-ಅಪ್ ಮೀಟಿಂಗ್, ಹತ್ತೂ ಕಾಲಿಗೆ ಕೆಳಗಿಳಿದು ಅಪ್ಪನನ್ನ ಎಬ್ಬಿಸಿ ನಿಲ್ಲಿಸೋದು, ಎರಡೂ ನಡೀತು. ರಜ ಒಂಬತ್ತು ದಿನವೂ ಹಾಗೇ ಉಳೀತು. ಹೊಸ ಮೆಶ್ ಸೆಟ್ಟಿನ ದುಡ್ಡೂ ಉಳೀತು ಅಂತ ಅಮ್ಮ ಎಲ್ಲರಿಗೂ ಹೇಳಿದ್ಲು. ನನಗೆ ಉಳಿದಿದ್ದರ ಲೆಕ್ಕವೇ ಬೇರೆ: ಅಪ್ಪ ವಾಕರ್ ಹಿಡಿದು ಹಾಲ್‌ನಿಂದ ಬಾಗಿಲವರೆಗೆ ನಡೆದಿದ್ದನ್ನ ನಾನು ಯಾರೋ ಕಳಿಸಿದ ವಾಟ್ಸ್‌ಆ್ಯಪ್ ವಿಡಿಯೋದಲ್ಲಿ ನೋಡಬೇಕಾಗಲಿಲ್ಲ.

ಈ ಏರ್ಪಾಟಿನಲ್ಲಿ ಒಂದು ಕೊರತೆ ಇದೆ, ಹೇಳಿಬಿಡ್ತೀನಿ. ಯಾವ ರೂಟರಿಗೆ ಅಂಟಿಕೊಳ್ಳಬೇಕು ಅಂತ ತೀರ್ಮಾನಿಸೋದು ರೂಟರ್ ಅಲ್ಲ, ಫೋನು. ಕೆಲವು ಫೋನುಗಳು ಮನೆ ಬದಲಾಯಿಸಿದ ಮೇಲೂ ಹಳೇ ಬ್ಯಾಂಕ್ ಬ್ರ್ಯಾಂಚಿಗೇ ಬಸ್ ಹತ್ತಿ ಹೋಗೋ ಹಿರಿಯರ ಥರ. ಪಕ್ಕದಲ್ಲೇ ಒಳ್ಳೇ ಸಿಗ್ನಲ್ ಇದ್ರೂ ಕೆಳಗಿನ ಒಂದು ಕಡ್ಡಿಯನ್ನೇ ಹಿಡ್ಕೊಂಡಿರ್ತವೆ. ರೂಟರಿನ ಟ್ರಾನ್ಸ್‌ಮಿಟ್ ಪವರ್ ಸ್ವಲ್ಪ ತಗ್ಗಿಸಿದ್ರೆ ಎಷ್ಟೋ ವಾಸಿ.

ಐದನೇ ವಾರದಲ್ಲಿ ಅಪ್ಪ ಫಿಸಿಯೋಥೆರಪಿಯವರ ಭುಜ ಹಿಡಿದು ಮೊದಲ ಸಲ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದ್ರು. ನಾನು ಕಾಲ್‌ನಲ್ಲಿದ್ದೆ, ಮೈಕ್ ಮ್ಯೂಟ್ ಮಾಡಿದೆ. ಕುರ್ಚಿಯಲ್ಲಿ ಕೂತು ಸುಧಾರಿಸಿಕೊಂಡು ಅಕ್ಕನಿಗೆ ವಿಡಿಯೋ ಕಾಲ್ ಮಾಡೋಕೆ ಹೋದ್ರೆ ಚಕ್ರ ತಿರುಗ್ತಾ ನಿಂತಿತು.

"ಇದಿನ್ನೂ ಕೆಳಗಿನ ಆಫೀಸಿಗೇ ಹೋಗ್ತಾ ಇದೆ," ಅಂದ್ರು ಅಪ್ಪ. ವೈಫೈ ಒಂದ್ಸಲ ಆಫ್ ಮಾಡಿ ಆನ್ ಮಾಡಿದ್ರು, ಕಾಲ್ ಹೋಯ್ತು.