ಹಬೆ ಎಂಜಿನ್ನಿನ ಮುಂದೆ

ಬೆಂಗಳೂರಿಗೆ ಹೋದರೆ ಕಬ್ಬನ್ ಪಾರ್ಕು ನೋಡಿ ಬಂದುಬಿಡುತ್ತೇವೆ. ಪಕ್ಕದ ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯ ಗಂಡಸರಿಗೆ, ಮಕ್ಕಳಿಗೆ ಅಂತ ನಾನೂ ತಿಳಿದಿದ್ದೆ. ಸರ್ ಎಂ.ವಿ. ತೀರಿಕೊಂಡ 1962ರಲ್ಲೇ ನೆಹರೂ ಉದ್ಘಾಟಿಸಿದ್ದು. ಮೊದಲ ವಿಭಾಗ, ವಿದ್ಯುತ್ತಿನದು, ಜನರಿಗೆ ತೆರೆದದ್ದು 1965ರಲ್ಲಿ. ರೈಟ್ ಸಹೋದರರ 1903ರ ವಿಮಾನದ ಪೂರ್ಣ ಗಾತ್ರದ ಪ್ರತಿಕೃತಿ ನೋಡಿ, ಇದರಲ್ಲಿ ಹೇಗಪ್ಪಾ ಹಾರಿದರು ಅನ್ನಿಸಿತು.

ಎಂಜಿನ್ ಹಾಲಿನಲ್ಲಿ ಮಗಳು, ಹಬೆ ಎಂಜಿನ್ ಹೇಗೆ ನಡೆಯುತ್ತೆ ಅಂತ ಅವರಪ್ಪನನ್ನು ಕೇಳಿದಳು. ಅವರು ಬೋರ್ಡು ಹುಡುಕುತ್ತಿದ್ದರು.

"ಕುಕ್ಕರಿನ ವೆಯ್ಟು ಎತ್ತುತ್ತಲ್ಲ, ಅದೇ ಹಬೆ ಕಣೇ. ಇಲ್ಲಿ ಪಿಸ್ಟನ್ ತಳ್ಳುತ್ತೆ, ಪಿಸ್ಟನ್ನು ಚಕ್ರ ತಿರುಗಿಸುತ್ತೆ" ಅಂದೆ.

"ಅಮ್ಮ, ನಿಂಗೂ ಗೊತ್ತಾ?"

ಸಂತೋಷವಾಯಿತು, ಮನಸ್ಸು ಚುರ್ ಅಂದಿದ್ದೂ ನಿಜ. ಮುಂದಿನ ಯಂತ್ರದ ಹತ್ತಿರ ನನ್ನನ್ನೇ ಕೇಳಿದಳು. ಆ ಹಲ್ಲುಚಕ್ರಗಳ ವಿಷಯ ನನಗೆ ಗೊತ್ತಿರಲಿಲ್ಲ. ಇಬ್ಬರೂ ನಿಂತು ಬೋರ್ಡು ಓದಿದೆವು.