ತಡಿಕೆಯಾಚೆಯ ಹೆಂಡತಿ

ನಮ್ಮ ವಂಶದಲ್ಲಿ ಬಿಸಿನೆಸ್ ಮಾಡಿದವರು ಒಬ್ಬರೇ, ನಮ್ಮ ಚಿಕ್ಕಪ್ಪ. ಮೈಸೂರಿನ ಸಂತೇಪೇಟೆಯಲ್ಲಿ ಊದುಬತ್ತಿ ಅಂಗಡಿ ಇಟ್ಟು, ಬಂದವರಿಗೆಲ್ಲ "ವಾಸನೆ ನೋಡಿ ಸ್ವಾಮಿ" ಎಂದು ಒಂದೊಂದು ಕಡ್ಡಿ ಹಚ್ಚಿ ತೋರಿಸುತ್ತ, ಎಂಟೇ ತಿಂಗಳಲ್ಲಿ ಬಂಡವಾಳವನ್ನೆಲ್ಲ ಹೊಗೆ ಮಾಡಿ ಬಾಗಿಲು ಹಾಕಿದರು. ಆಮೇಲೆ ನಮ್ಮ ಮನೆಯಲ್ಲಿ ಯಾರಾದರೂ ಬಿಸಿನೆಸ್ ಅಂದರೆ ಸಾಕು, ಅಜ್ಜಿ ಎದ್ದು ಒಳಗೆ ಹೋಗುತ್ತಿದ್ದಳು. ಅಂಥ ಮನೆಯಲ್ಲಿ ಹುಟ್ಟಿ, ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಇನ್ನೊಬ್ಬರ ದುಡ್ಡು ಎಣಿಸಿ ನಿವೃತ್ತನಾದ ನನ್ನ ಕೈಗೆ 'ಬಿಸಿನೆಸ್ ಕ್ಲಾಸ್' ಎಂದು ಅಚ್ಚಾದ ಟಿಕೆಟ್ ಬಂದರೆ ಹೇಗಾಗಬೇಡ, ನೀವೇ ಹೇಳಿ.

ಟಿಕೆಟ್ಟು ನನ್ನ ದುಡ್ಡಿನದಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಗಣಪತಿ ಚಂದಾದವರು ನಾಳೆಯೇ ಗೇಟು ತಟ್ಟುತ್ತಾರೆ. ಲಂಡನ್ನಿನಲ್ಲಿರುವ ಮಗಳ ಬಾಣಂತನಕ್ಕೆ ನಾವಿಬ್ಬರೂ ಹೊರಟಿದ್ದು. ಅಳಿಯಂದಿರು ಆಫೀಸಿನ ಕೆಲಸದ ಮೇಲೆ ತಿಂಗಳಿಗೆರಡು ದೇಶ ಸುತ್ತುವವರು. ಸುತ್ತಿದಷ್ಟೂ ಅವರ ಖಾತೆಗೆ 'ಮೈಲು' ಜಮೆಯಾಗುತ್ತದಂತೆ. ಆ ಮೈಲುಗಳನ್ನೆಲ್ಲ ಕರಗಿಸಿ ನಮಗೆ ಎರಡು ಸೀಟು ಮಾಡಿಸಿದರು. ಈ ಮೈಲಿನ ಲೆಕ್ಕವನ್ನು 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನವರು ದೊಡ್ಡದಾಗಿ ಶುರುಮಾಡಿ, ಉಳಿದವರೆಲ್ಲ ಅವರ ಹಿಂದೆ ಬಿದ್ದರು. ದೂರವನ್ನು ಠೇವಣಿ ಇಡಬಹುದು ಅನ್ನುವುದು ಬ್ಯಾಂಕಿನವನಾದ ನನಗೆ ಹೊಳೆಯಲಿಲ್ಲವಲ್ಲ! ದಿನಾ ಕುವೆಂಪುನಗರದಿಂದ ಬ್ಯಾಂಕಿಗೆ ಸೈಕಲ್ ತುಳಿದಿದ್ದೇನೆ, ಹೋಗಿ ಬರಲು ಹತ್ತು ಕಿಲೋಮೀಟರ್. ಕೂಡಿದರೆ ಭೂಮಿಗೆ ಎರಡು ಸುತ್ತು ಮೀರುತ್ತದೆ. ಒಂದು ಬೆಲ್ಲಿನ ಬಿರಡೆಯನ್ನೂ ಯಾರೂ ಕೊಡಲಿಲ್ಲ.

ಪ್ರಯಾಣ ಶುರುವಾದದ್ದು ವಿಮಾನದಲ್ಲಲ್ಲ, ಕೆಎಸ್‌ಆರ್‌ಟಿಸಿಯ ಫ್ಲೈಬಸ್ಸಿನಲ್ಲಿ. ಮೈಸೂರಿನಿಂದ ಸೀದಾ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಿಡುವ ಬಸ್ಸು. ಹೆಸರಿಗೆ ತಕ್ಕಂತೆ ಹೊಸ ಹೆದ್ದಾರಿಯಲ್ಲಿ ಮದ್ದೂರಿನ ಪಕ್ಕದಲ್ಲೇ ಹಾರಿಹೋಗುತ್ತದೆ, ವಡೆಯ ವಾಸನೆಯೂ ಒಳಗೆ ಬರುವುದಿಲ್ಲ. ಆದರೆ ಒಳಗಿನ ಲೋಕವೇ ಬೇರೆ. ಮಂಡ್ಯ ಬರುವುದರೊಳಗೆ ಯಾರ ಮಗಳಿಗೆ ಎಷ್ಟನೇ ತಿಂಗಳು, ಯಾರ ಸೊಸೆ ಹಿಂಗಿಲ್ಲದ ಸಾರು ಮಾಡುತ್ತಾಳೆ, ಯಾವ ದೇಶದಲ್ಲಿ ನುಗ್ಗೇಕಾಯಿಗೆ ಎಷ್ಟು ರೇಟು, ಎಲ್ಲ ಹೊರಬಿದ್ದಿತ್ತು. ಸರಸ್ವತಿಪುರಂನ ದಂಪತಿ ಟೆಕ್ಸಾಸಿಗೆ ಮೂರನೇ ಸಲ ಹೊರಟಿದ್ದರು. ಆ ಯಜಮಾನರು ನನಗೆ ಗುಟ್ಟಿನಲ್ಲಿ, "ಗಾಲಿಕುರ್ಚಿ ಬರೆಸಿದ್ದೀರಾ?" ಅಂದರು. "ನನ್ನ ಕಾಲು ಚೆನ್ನಾಗಿದೆಯಲ್ಲ" ಅಂದೆ. "ಕಾಲಿಗಲ್ಲ ಸ್ವಾಮಿ, ಇಂಗ್ಲಿಷಿಗೆ! ಕೂತುಬಿಟ್ಟರೆ ತಳ್ಳುವವರೇ ಎಲ್ಲ ಕಡೆ ಮಾತಾಡಿಕೊಳ್ಳುತ್ತಾರೆ" ಅಂದರು. ಎಷ್ಟು ದೊಡ್ಡ ತತ್ವ ನೋಡಿ. ನಾವು ಬಿಸಿನೆಸ್ ಕ್ಲಾಸ್ ಎಂಬ ಸಂಗತಿಯನ್ನು ಮಾತ್ರ ಇಬ್ಬರೂ ಬಾಯಿ ಬಿಡಲಿಲ್ಲ. ಅವರು ಬಿಚ್ಚಿದ ಕೋಡುಬಳೆ ಡಬ್ಬಕ್ಕೆ ಕೈಹಾಕುತ್ತ ಅದನ್ನು ಹೇಳುವುದು ಹೇಗೆ?

ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ ನೀವು ನೋಡಿರಬೇಕು. 2022ರ ನವೆಂಬರ್‌ನಲ್ಲಿ ಉದ್ಘಾಟನೆಯಾಗಿ, ಮರುವರ್ಷ ಸೆಪ್ಟೆಂಬರ್‌ನಿಂದ ಪರದೇಶದ ವಿಮಾನಗಳೆಲ್ಲ ಅಲ್ಲಿಂದಲೇ. ಚಾವಣಿಗೆಲ್ಲ ಬಿದಿರು, ಮೇಲಿಂದ ಇಳಿಬಿಟ್ಟ ಗಿಡಗಳು. ಎಲ್ಲರೂ ಮೊಬೈಲ್ ಎತ್ತಿ ಫೋಟೋ ಹೊಡೆಯುತ್ತಿದ್ದರೆ ನಮ್ಮಾಕೆ ಕತ್ತೆತ್ತಿ, "ರೀ, ಅಷ್ಟೆತ್ತರಕ್ಕೆ ದಿನಾ ನೀರು ಹಾಕೋರು ಯಾರು?" ಅಂದಳು. ಮಹಡಿಯ ಮೇಲೆ ಹದಿನಾರು ಕುಂಡ ಇಟ್ಟುಕೊಂಡವಳಿಗೆ ಬರುವ ಪ್ರಶ್ನೆಯೇ ಅದು. ಆ ಕುಂಡಗಳಿಗೆ ನೀರು ಹಾಕುವವನು ಯಾರು ಎಂದು ನೀವು ಕೇಳುವುದು ಬೇಡ.

ಅಲ್ಲಿ ನಮ್ಮ ಬಸ್ಸಿನ ಬಳಗ ಒಡೆಯಿತು. ಅವರು ಹಾವಿನಂತೆ ಸುತ್ತಿಕೊಂಡ ಸಾಲಿಗೆ, ನಾವು ಒಂದು ಪುಟ್ಟ ಜಮಖಾನ ಹಾಸಿದ ಕೌಂಟರಿಗೆ. ಜಮಖಾನ ನಾಲ್ಕು ಹೆಜ್ಜೆಯಷ್ಟೇ, ಆಚೆಗೆ ಮತ್ತೆ ಅದೇ ನೆಲ. ಕೌಂಟರಿನ ಹುಡುಗಿ ನಕ್ಕು, ಸೂಟ್‌ಕೇಸುಗಳನ್ನು ತೂಗಿ, "ಪವರ್ ಬ್ಯಾಂಕ್, ಲೈಟರ್, ಒಣ ಕೊಬ್ಬರಿ ಏನಾದರೂ ಇದೆಯಾ ಮೇಡಂ?" ಅಂದಳು. ನಮ್ಮಾಕೆ ನನ್ನ ಮುಖ ನೋಡಿದಳು. ನಾನು ಬಿದಿರಿನ ಚಾವಣಿ ನೋಡಿದೆ.

ಇತ್ತು. ತಿಪಟೂರಿನ ಷಡ್ಡಕರು ಬಾಣಂತಿಯ ಅಂಟಿನುಂಡೆಗೆಂದೇ ಆರಿಸಿ ಕಳಿಸಿದ್ದ ಗಿಟುಕು, ಲೆಕ್ಕ ಹಾಕಿ ಹನ್ನೆರಡು. ತಿಪಟೂರಿನ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಟ್ಟು, ಒಳಗಿನ ನೀರೆಲ್ಲ ಇಂಗಿ, ಅಲ್ಲಾಡಿಸಿದರೆ ಲೊಟಲೊಟ ಅನ್ನುವವರೆಗೆ ಕಾಯುತ್ತಾರೆ. ಕೆಳಗೆ ಒಲೆ ಉರಿಯುತ್ತಿರುತ್ತದೆ, ಮೇಲೆ ಕೊಬ್ಬರಿ ತಣ್ಣಗೆ ಮಲಗಿರುತ್ತದೆ. ಎಷ್ಟು ತಲೆಮಾರಿನಿಂದ! ಆದರೆ ವಿಮಾನದವರ ಪುಸ್ತಕದಲ್ಲಿ ಕೊಬ್ಬರಿ ತನ್ನಷ್ಟಕ್ಕೆ ತಾನೇ ಕಾದು ಹೊತ್ತಿಕೊಳ್ಳಬಲ್ಲ ಪದಾರ್ಥ. ಮೈತುಂಬ ಎಣ್ಣೆ ನೋಡಿ, ಅದಕ್ಕೆ. ಅಪಾಯದ ಸರಕುಗಳಿಗೆ ವಿಶ್ವಸಂಸ್ಥೆ ಕೊಡುವ ನಂಬರುಗಳಲ್ಲಿ ಅದರದ್ದು 1363. ನಮ್ಮ ಷಡ್ಡಕರಿಗೆ ಇದನ್ನು ಆಮೇಲೆ ಫೋನಿನಲ್ಲಿ ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದು, "ಹಾಗಾದರೆ ನಮ್ಮ ಎಪಿಎಂಸಿ ಮದ್ದಿನ ಮನೆ ಅನ್ನಿ" ಅಂದರು.

ಸೂಟ್‌ಕೇಸ್ ಬಿಚ್ಚಿ, ಸೀರೆ ಸರಿಸಿ, ಜಮಖಾನದ ಮೇಲೇ ಕೂತು ಹನ್ನೆರಡೂ ಗಿಟುಕು ತೆಗೆದೆವು. ಬಿಸಿನೆಸ್ ಕ್ಲಾಸಿನ ಗತ್ತು ಅಲ್ಲಿಗೆ ಮುಗಿಯಿತು. ಕಸದ ಬುಟ್ಟಿಗೆ ಹಾಕಲು ನಮ್ಮಾಕೆಗೆ ಮನಸ್ಸು ಬರಬೇಕಲ್ಲ! ಅಲ್ಲೇ ನೆಲ ಒರೆಸುತ್ತಿದ್ದ ಹೆಂಗಸನ್ನು ಕರೆದು, "ತಗೋಮ್ಮ, ತಿಪಟೂರಿನದು" ಅಂದಳು. ಆಕೆ ಒಂದನ್ನು ಮೂಸಿ ನೋಡಿ, "ಯಾರಿಗಮ್ಮ ಬಾಣಂತನ?" ಅಂದರು. ಕೊಬ್ಬರಿ ನೋಡಿದ್ದೇ ತಡ ಬಾಣಂತನ ಅಂತ ಹೇಗೆ ಗೊತ್ತಾಯಿತೋ! ಹತ್ತು ನಿಮಿಷ ಇಬ್ಬರೂ ಅಂಟು ಎಷ್ಟು, ಬೆಲ್ಲ ಎಷ್ಟು, ಗಸಗಸೆ ಹಾಕಬೇಕೋ ಬೇಡವೋ ಎಂದು ನಿಂತರು. ಗಸಗಸೆ ಬಗ್ಗೆ ಒಪ್ಪಂದವಾಗಲಿಲ್ಲ. ಆಕೆ ದೇವನಹಳ್ಳಿ ಕಡೆಯ ಹಳ್ಳಿಯವರೇ. ಹೊರಡುವಾಗ, "ನಮ್ಮ ಮಾವನೋರ ಹೊಲ ಇಲ್ಲೇ ಎಲ್ಲೋ ಇತ್ತಮ್ಮ, ಎರಡು ಚಕ್ಕೋತದ ಮರ ಇದ್ವು. ಈಗ ಎಲ್ಲಿ ಅಂತ ಗೊತ್ತಾಗಲ್ಲ" ಎಂದು ಗಾಜಿನಾಚೆ ದೀಪಗಳ ಕಡೆ ಕೈ ತೋರಿಸಿದರು. ನಾಲ್ಕು ಸಾವಿರ ಎಕರೆಯ ನಿಲ್ದಾಣ, ಮರ ಎಲ್ಲಿತ್ತೆಂದು ಹುಡುಕುವುದು? ಆ ರಾತ್ರಿ ನಮ್ಮ ಜೊತೆ ಮನಸ್ಸು ಬಿಚ್ಚಿ ಮಾತಾಡಿದ ಕೊನೆಯ ಮನುಷ್ಯರು ಅವರೇ ಎಂದು ಆಗ ತಿಳಿದಿರಲಿಲ್ಲ.

ಸೆಕ್ಯೂರಿಟಿಯ ಕಥೆ ಬೇಡ. ಪುಳಿಯೋಗರೆ ಗೊಜ್ಜು ದ್ರವವೋ ಘನವೋ ಎಂಬ ಚರ್ಚೆಯಲ್ಲಿ ನಾನು ಸೋತೆ ಅಂದರೆ ಸಾಕು.

ಆಮೇಲೆ ಲೌಂಜ್. ಹೆಸರು '080'. ಬೆಂಗಳೂರಿನ ಎಸ್‌ಟಿಡಿ ಕೋಡು! ಈಗಿನ ಹುಡುಗರಿಗೆ ಅದೊಂದು ಸ್ಟೈಲಿನ ಹೆಸರು, ನಮಗೆ ಹಾಗಲ್ಲ. ಅದಕ್ಕೂ ಹಿಂದೆ ಬೆಂಗಳೂರಿನದ್ದು 0812 ಇತ್ತು, ನಮ್ಮ ಮೈಸೂರಿನದ್ದು ಇವತ್ತಿಗೂ 0821. ಎಂಟು ಎರಡು ಒಂದು ಅನ್ನುವ ಬದಲು ಎಂಟು ಒಂದು ಎರಡು ಒತ್ತಿ ಎಷ್ಟು ಬೀಗರ ಮನೆಯ ಫೋನು ಯಾರ್‍ಯಾರ ಮನೆಗೋ ಹೋಗಿದೆ. ಹಳದಿ ಬೋರ್ಡಿನ ಬೂತಿನಲ್ಲಿ ರಾತ್ರಿ ರೇಟು ಇಳಿಯಲಿ ಎಂದು ಸಾಲಾಗಿ ಕಾಯುತ್ತಿದ್ದೆವು. ಗಾಜಿನ ಪೆಟ್ಟಿಗೆಯೊಳಗೆ ಒಬ್ಬ ಕಿರುಚುತ್ತಿದ್ದ, ಹೊರಗಿನವರು ಕೇಳಿಸಿಕೊಂಡು ಅವನ ಮನೆಯ ವಿಷಯಕ್ಕೆ ಸಲಹೆ ಕೊಡುತ್ತಿದ್ದರು. ಈ ಲೌಂಜಿನಲ್ಲೂ ಜನ ಕಾಯುತ್ತಿದ್ದರು, ಆದರೆ ಒಬ್ಬರ ಗಂಟಲೂ ಕೇಳಲಿಲ್ಲ. ಬೇಕಾದ್ದು ತಿನ್ನಬಹುದು, ಯಾರೂ ದುಡ್ಡು ಕೇಳುವುದಿಲ್ಲ. ನಾನು ಎದುರಿನವರನ್ನು ನೋಡಿ ನಕ್ಕೆ. ಅವರು ತಿರುಗಿ ಹಿಂದೆ ಯಾರಿದ್ದಾರೆ ಎಂದು ನೋಡಿದರು.

ಈಗ ಸ್ವಲ್ಪ ಇತಿಹಾಸ, ಕಾಫಿ ಆರುವುದರೊಳಗೆ ಮುಗಿಸುತ್ತೇನೆ. ಈ ಬಿಸಿನೆಸ್ ಕ್ಲಾಸ್ ಹುಟ್ಟಿದ್ದೇ ಸಿಡಿಮಿಡಿಯಿಂದ. 1970ರ ದಶಕದಲ್ಲಿ ದೊಡ್ಡ ವಿಮಾನಗಳು ಬಂದು, ಸೀಟು ತುಂಬಿಸಲು ಅಗ್ಗದ ಟಿಕೆಟ್ ಮಾರತೊಡಗಿದರು. ಕಂಪನಿಯ ದುಡ್ಡಿನಲ್ಲಿ ಪೂರ್ತಿ ದರ ಕೊಟ್ಟು ಬಂದ ಸೂಟಿನವನ ಪಕ್ಕದಲ್ಲಿ, ಅರ್ಧ ದರಕ್ಕೆ ರಜಾ ಕಳೆಯಲು ಹೊರಟವನು ಕೂತು ಮಾತಿಗೆಳೆದ. ಸೂಟಿನವನಿಗೆ ಉರಿಯಿತು. ಸರಿ, ಪೂರ್ತಿ ಕೊಟ್ಟವರನ್ನು ಬೇರೆ ಕೂರಿಸೋಣ ಅಂದರು. ಕ್ವಾಂಟಾಸ್‌ನವರು 1979ರಲ್ಲಿ ಬಿಸಿನೆಸ್ ಕ್ಲಾಸ್ ತಂದು ಇದು ನಮ್ಮದೇ ಕೂಸು ಅನ್ನುತ್ತಾರೆ. ಪ್ಯಾನ್ ಆಮ್, ಬ್ರಿಟಿಷ್ ಏರ್‌ವೇಸ್ ಹಿಂದಿನ ವರ್ಷವೇ ಬೇರೆ ಹೆಸರಿನಲ್ಲಿ ಅದನ್ನೇ ಹೆತ್ತಿದ್ದವು. ಕೂಸು ಯಾರದಾದರೂ ಇರಲಿ, ಅದಕ್ಕೆ ಕಾರಣ ಪಕ್ಕದವನ ಮಾತು. ಅಂದರೆ ನನ್ನಂಥವನಿಂದ ತಪ್ಪಿಸಿಕೊಳ್ಳಲು ಕಟ್ಟಿದ ಕೋಟೆಯೊಳಗೆ, ಅಳಿಯನ ಮೈಲಿನ ದೆಸೆಯಿಂದ ನಾನೇ ನುಗ್ಗಿದ್ದೆ.

ಇದಕ್ಕೂ ಮೊದಲು ಸಿರಿವಂತಿಕೆ ಹೀಗಿರಲಿಲ್ಲ. 1971ರಲ್ಲಿ ಏರ್ ಇಂಡಿಯಾದವರು 'ಎಂಪರರ್ ಅಶೋಕ' ಎಂಬ ಮೊದಲ ಜಂಬೋ ವಿಮಾನ ತಂದಾಗ, ಕಿಟಕಿಗಳ ಸುತ್ತ ಝರೋಕಾದ ಚಿತ್ತಾರ ಬರೆಸಿ, ಮಹಡಿಯ ಮೇಲೆ ಮೊದಲ ದರ್ಜೆಯವರಿಗೆ ಕೂತು ಮಾತಾಡಲು ಲೌಂಜ್ ಮಾಡಿದ್ದರು. ಅಮೆರಿಕನ್ ಏರ್‌ಲೈನ್ಸ್‌ನವರು ಜಂಬೋದಲ್ಲಿ ಪಿಯಾನೋ ಇಟ್ಟಿದ್ದರು! ಅಂದರೆ ಆಕಾಶದಲ್ಲೂ ಒಂದು ಜಗಲಿ. ದುಡ್ಡಿದ್ದವನಿಗೆ ನಾಲ್ಕು ಜನ ಸಿಗುತ್ತಿದ್ದರು. ಆಮೇಲೆ ಮಲಗುವ ಆಸೆ ಹುಟ್ಟಿತು. 2000ದಲ್ಲಿ ಬ್ರಿಟಿಷ್ ಏರ್‌ವೇಸ್ ಬಿಸಿನೆಸ್ ಕ್ಲಾಸಿನಲ್ಲೇ ಪೂರ್ತಿ ಚಪ್ಪಟೆಯಾಗುವ ಹಾಸಿಗೆ ಹಾಕಿತು. ಹಾಸಿಗೆ ಬಂದ ಮೇಲೆ ತಡಿಕೆ ಬರದೆ ಇರುತ್ತದೆಯೇ? ತಡಿಕೆಗೆ ಬಾಗಿಲೂ ಬಂತು.

ನಮ್ಮದು ಬಾಗಿಲಿನದ್ದೇ. ಸೀಟಿನಲ್ಲಿ ಕೂತೆ ಅನ್ನುವುದಕ್ಕಿಂತ ಗೂಡು ಸೇರಿದೆ ಅನ್ನಬೇಕು. ನಡುವಿನ ಜೋಡಿ ಸೀಟು, ಆ ಗೂಡಿನಲ್ಲಿ ನಮ್ಮಾಕೆ, ಈ ಗೂಡಿನಲ್ಲಿ ನಾನು, ಮಧ್ಯೆ ಎದೆಯೆತ್ತರದ ತಡಿಕೆ. ಕಾಲು ಚಾಚಿದೆ, ಎದುರಿನ ಗೋಡೆ ಸಿಗಲಿಲ್ಲ. ಐದೂಕಾಲಡಿಯವನಿಗೆ ಆರೂವರೆ ಅಡಿಯ ಹಾಸಿಗೆ ಕೊಟ್ಟರೆ ಉಳಿದದ್ದನ್ನು ಯಾರಿಗೆ ಬಾಡಿಗೆಗೆ ಕೊಡಲಿ? ಗಗನಸಖಿ ಬಂದು ನನ್ನ ಹೆಸರು ಹಿಡಿದು ಕರೆದು, ಬಿಸಿ ಟವೆಲ್ ಕೊಟ್ಟಳು. ಹೆಸರು ಹೇಗೆ ಗೊತ್ತಾಯಿತೆಂಬ ಗಾಬರಿಯಲ್ಲಿ ಟವೆಲನ್ನು ಏನು ಮಾಡಬೇಕೆಂದು ಮರೆತು, ತಲೆಯ ಮೇಲೆ ಹಾಕಿಕೊಂಡೆ. ಕೈಯಳತೆಯಲ್ಲಿ ಹದಿನೆಂಟು ಗುಂಡಿ. ಓದುವ ದೀಪಕ್ಕೆಂದು ಒಂದನ್ನು ಒತ್ತಿದೆ, ಕಾಲು ಮೇಲೆದ್ದಿತು. ಕಾಲಿಳಿಸಲು ಇನ್ನೊಂದನ್ನು ಒತ್ತಿದೆ, ತಲೆ ಕೆಳಗೆ ಹೋಯಿತು. ವೈಕುಂಠದಲ್ಲಿ ಶೇಷಶಾಯಿ ಮಲಗುವ ಭಂಗಿ, ಲಕ್ಷ್ಮಿ ಮಾತ್ರ ತಡಿಕೆಯಾಚೆ.

"ಲೇ, ಕೇಳಿಸ್ತಾ?" ಅಂದೆ. ಉತ್ತರವಿಲ್ಲ. ಎದ್ದು ಇಣುಕಿದೆ. ಕಿವಿಗೆ ದೊಡ್ಡ ಹೆಡ್‌ಫೋನ್ ಹಾಕಿಕೊಂಡು, ಕಿತ್ತಳೆ ರಸ ಹೀರುತ್ತ, ಪುಕ್ಕಟೆ ಕೊಟ್ಟ ಚೀಲದಲ್ಲಿನ ಕಾಲುಚೀಲ, ಹಲ್ಲುಜ್ಜುವ ಬ್ರಷ್ಷು, ಕ್ರೀಮಿನ ಟ್ಯೂಬುಗಳನ್ನು ಒಂದೊಂದಾಗಿ ತೆಗೆದು ಮತ್ತೆ ಜೋಡಿಸುತ್ತಿದ್ದಳು. ಮದುವೆಯಾಗಿ ಮೂವತ್ತೆಂಟು ವರ್ಷದಲ್ಲಿ ಅವಳ ಮುಖದಲ್ಲಿ ಅಂಥ ಶಾಂತಿಯನ್ನು ನಾನು ಕಂಡಿರಲಿಲ್ಲ. ನನಗೆ ಸ್ವಲ್ಪ ಅವಮಾನವೇ ಆಯಿತು ಅನ್ನಿ. ದುಡ್ಡು ಹೆಚ್ಚು ಕೊಟ್ಟಷ್ಟೂ ಅಕ್ಕಪಕ್ಕದವರನ್ನು ಕಳೆಯುತ್ತಾ ಹೋಗುತ್ತಾರೆ ಎಂದು ನಾನು ಮರುಗುತ್ತಿದ್ದೆನಲ್ಲ, ಕಳೆಯುವ ಆ ಅಕ್ಕಪಕ್ಕದವನು ನಾನೇ ಇರಬಹುದೆಂದು ಹೊಳೆದಿರಲೇ ಇಲ್ಲ.

ಪರದೆಯಾಚೆ, ಹಿಂದಿನಿಂದ, ಎಕಾನಮಿಯ ಸದ್ದು ಬರುತ್ತಿತ್ತು. ಒಂದು ಮಗು ಅಳುತ್ತಿತ್ತು, ಯಾರೋ "ಆ ಬ್ಯಾಗ್ ಆ ಕಡೆ ತಳ್ಳಿ, ಇದು ಹಿಡಿಯುತ್ತೆ" ಎಂದು ಅಚ್ಚ ಕನ್ನಡದಲ್ಲಿ ಹೇಳುತ್ತಿದ್ದರು. ನೀರು ಕೇಳುವ ನೆಪದಲ್ಲಿ ಹೋಗಿ ಒಂದು ಸುತ್ತು ಬರಲೇ ಎಂದುಕೊಳ್ಳುವಷ್ಟರಲ್ಲಿ ಬೆಲ್ಟಿನ ದೀಪ ಹೊತ್ತಿತು.

ಆಗ ಒಂದು ಚಮತ್ಕಾರವಾಯಿತು. ವಿಮಾನ ಏರುವಾಗ, ಇಳಿಯುವಾಗ ಯಾವ ಮರೆಯೂ ಇರಕೂಡದಂತೆ. ಏನಾದರೂ ಆದರೆ ಜನ ಓಡಬೇಕಲ್ಲ. ಗಗನಸಖಿ ಬಂದು ಪರದೆ ಕಟ್ಟಿದಳು, ಬಾಗಿಲು ಸರಿಸಿದಳು, ನಮ್ಮ ನಡುವಿನ ತಡಿಕೆಯನ್ನೂ ಕೆಳಗಿಳಿಸಿ, ನಮ್ಮಾಕೆಯ ಹೆಡ್‌ಫೋನ್ ತೆಗೆಸಿದಳು. ಕತ್ತಲಲ್ಲಿ ಓಡುದಾರಿಯ ದೀಪಗಳು ಒಂದಕ್ಕೊಂದು ಅಂಟಿಕೊಂಡು ಗೆರೆಯಾದವು. ಬೆನ್ನು ಸೀಟಿಗೆ ಒತ್ತಿತು. ಕೆಳಗೆ ಎಲ್ಲೋ ಆ ಎರಡು ಚಕ್ಕೋತದ ಮರದ ಜಾಗ ಹಿಂದೆ ಸರಿದಿರಬೇಕು.

ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ನಮ್ಮಾಕೆ ನನ್ನ ಕಡೆ ಬಾಗಿ, ಕೈ ಹಿಡಿದು, ಏನೋ ಹೇಳತೊಡಗಿದಳು. ಒಂದು ಮಾತಲ್ಲ, ಎರಡು ಮಾತಲ್ಲ, ಬೆರಳು ಮಡಿಸಿ ಲೆಕ್ಕ ಹಾಕುತ್ತ ಉದ್ದಕ್ಕೆ ಹೇಳಿದಳು. ನನಗೋ, ಎರಡೂ ಕಿವಿ ಗಪ್ಪನೆ ಕಟ್ಟಿಹೋಗಿದ್ದವು. ರೂಢಿಯ ಮೇಲೆ ಹೂಂ ಹೂಂ ಎಂದು ತಲೆಯಾಡಿಸಿದೆ. ಅವಳಿಗೆ ಬಹಳ ಸಂತೋಷವಾದಂತೆ ಕಂಡಿತು. ಏನಕ್ಕೆ ಒಪ್ಪಿಕೊಂಡೆ ಅನ್ನುವುದು ಲಂಡನ್ನಿನಲ್ಲಿ ಇಳಿದ ನಾಲ್ಕನೇ ದಿನ ಅಳಿಯಂದಿರ ಬಾಯಿಂದ ಗೊತ್ತಾಯಿತು. ಅದಿರಲಿ, ಅದನ್ನು ಹೇಳಲು ಇನ್ನೊಂದು ಲೋಟ ಕಾಫಿ ಬೇಕು.